ಮಗುಚಬಾರದ ಮೀನು

ಆಗ ನನಗೆ ಎಪ್ಪತ್ತೆರಡು. ಆರು ವರ್ಷದ ಹಿಂದಿನ ಮಾತು. ಬಾಯಲ್ಲಿ ಹದಿನೇಳು ಹಲ್ಲು ಉಳಿದಿದ್ದವು, ಕಣ್ಣಿನ ಪೊರೆ ತೆಗೆಸಿಯಾಗಿತ್ತು, ತಂಗಿಯ ಜೊತೆ ಮಾತು ಬಿಟ್ಟು ಹತ್ತೊಂಬತ್ತು ವರ್ಷ ತುಂಬಿತ್ತು. ಈ ಮೂರರಲ್ಲಿ ನಾನು ಜೋಪಾನ ಮಾಡಿದ್ದು ಮೂರನೆಯದನ್ನು ಮಾತ್ರ.

ಮಾತು ಬಿಟ್ಟದ್ದು ಯಾಕೆ ಅಂತ ಮೊದಲೇ ಹೇಳಿಬಿಡುತ್ತೇನೆ. ನಾವಿಬ್ಬರೂ ಹುಟ್ಟಿದ್ದು ಅಂಕೋಲೆ ಕಡೆಯ ಕಡಲಂಚಿನ ಕೇರಿಯಲ್ಲಿ. ನನ್ನನ್ನು ಕಾರವಾರಕ್ಕೆ ಕೊಟ್ಟರು, ಅವಳನ್ನು ಮುಂಬೈಗೆ. ನಾನು ನಲವತ್ತು ವರ್ಷ ಕಾರವಾರದ ಮೀನುಪೇಟೆಯಲ್ಲಿ ಬುಟ್ಟಿ ಇಟ್ಟುಕೊಂಡು ಕೂತವಳು. ಅವಳು ಮುಂಬೈಯಲ್ಲಿ ಮೀನು ಕೊಂಡು ತಿಂದವಳು. ಕೊಳ್ಳುವವಳು ಮಾರುವವಳಿಗೆ ಮೀನಿನ ಬಗ್ಗೆ ಹೇಳಬಾರದು. ಅವಳು ಹೇಳಿದಳು.

ನಮ್ಮ ಅವ್ವಿ, ಕೊನೆಗಾಲಕ್ಕೆ ನನ್ನ ಮನೆಯಲ್ಲೇ ಇದ್ದವಳು, ಸತ್ತು ಹನ್ನೆರಡು ದಿನದ ಕಾರ್ಯ ಮುಗಿದ ಮಾರನೆಯ ಬೆಳಿಗ್ಗೆ ನಾನು ಪೇಟೆಗೆ ಹೋದೆ. ಸತ್ತವರಿಗೆ ಮಾಡಬೇಕಾದದ್ದು ಮಾಡಿಯಾಗಿತ್ತು, ಇನ್ನು ಇದ್ದವರ ಹೊಟ್ಟೆ. ಎರಡನೆಯ ದಿನ ತಂಗಿಯೂ ಬೆನ್ನಿಗೇ ಬಂದಳು. ಕಿನ್ನರ ಅನ್ನುವ ಊರಿನಿಂದ ಬರುವ ಮಾಸ್ತರರ ಹೆಂಡತಿ, ನನ್ನ ಕಾಯಂ ಗಿರಾಕಿ, ಬಂಗಡೆ ಆರಿಸುತ್ತಿದ್ದಳು. ಅಷ್ಟು ಹೊತ್ತಿಗೆ ತಂಗಿ ಬುಟ್ಟಿಗೆ ಬಗ್ಗಿ, ಮೂಗು ಸಣ್ಣ ಮಾಡಿ, "ಅಕ್ಕ, ಇದು ನಿನ್ನೆದಲ್ವೇನೆ?" ಅಂದಳು. ಮಾಸ್ತರರ ಹೆಂಡತಿ ಕೈಯಲ್ಲಿದ್ದ ಬಂಗಡೆ ಮೆಲ್ಲಗೆ ಬುಟ್ಟಿಗೆ ಇಳಿಸಿ ಆಚೆ ಬುಟ್ಟಿಗೆ ಹೋದಳು.

ನಾನು ಬೈದೆ. ಪೇಟೆಯೆಲ್ಲ ನಿಂತು ಕೇಳುವ ಹಾಗೆ ಬೈದೆ. ಆಗ ತಂಗಿ ಕಣ್ಣು ಅಗಲಿಸಿ, "ನಾ ಎಲ್ಲಿ ನಿನ್ನೆದು ಅಂದೆ? ಬುಟ್ಟಿ ನಿನ್ನದಲ್ವಾ ಅಂತ ಕೇಳ್ದೆ!" ಅಂದಳು. ನಾನು ಶಾಲೆಗೆ ಹೋದದ್ದು ಮೂರನೆಯ ತನಕ. ಆದರೆ ನಿನ್ನದು ಅನ್ನುವುದಕ್ಕೂ ನಿನ್ನೆದು ಅನ್ನುವುದಕ್ಕೂ ನಡುವೆ ಒಂದು ಎತ್ವ ಇದೆ ಅಂತ ನನಗೆ ಗೊತ್ತು. ಆ ಎತ್ವ ನನ್ನ ಕಿವಿಗೆ ಬಿದ್ದಿತ್ತು. ಆ ಬಂಗಡೆ ಆ ದಿನ ಬೆಳಿಗ್ಗೆ ದಡಕ್ಕೆ ಬಂದದ್ದು. ಹೆಚ್ಚುಕಡಿಮೆ ಎಲ್ಲವೂ.

ಅದೇ ಸಂಜೆ ತಂಗಿ ಮುಂಬೈ ರೈಲು ಹತ್ತಿದಳು. ಅವಳ ಚೀಲದೊಳಗೆ ಅವ್ವಿಯ ಈಳಿಗೆಯೂ ಹತ್ತಿತ್ತು ಅಂತ ನನಗೆ ತಿಳಿದದ್ದು ಮೂಲೆಯಲ್ಲಿ ಬರೀ ಗೋಡೆ ಕಂಡಾಗ.

ಹಲಸಿನ ಮರದ ಮಣೆ, ಕೊಕ್ಕರೆಯ ಕತ್ತಿನ ಹಾಗೆ ಬಾಗಿದ ಅಲಗು. ಇಸೋಣದಂಥ ದೊಡ್ಡ ಮೀನಿನ ತಲೆಯನ್ನೂ ಒಂದೇ ಒತ್ತಿಗೆ ಇಳಿಸುತ್ತಿತ್ತು. ಅದು ಹಿರಿಮಗಳಿಗೆ ಸೇರಬೇಕಾದದ್ದು. ಹಾಗೆಂದು ಅವ್ವಿ ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಹಿರಿಮಗಳು ನಾನು, ನನಗೆ ಗೊತ್ತಿತ್ತು.

ಆ ಈಳಿಗೆಯ ಮೇಲೆ ಕೂತೇ ಅವ್ವಿ ನಮಗೆ ಮನೆಯ ಕಟ್ಟಳೆಗಳನ್ನು ಕಲಿಸಿದ್ದು. ಅಪ್ಪನ ದೋಣಿ ಕಡಲಲ್ಲಿದ್ದಾಗ ಬುಟ್ಟಿಯನ್ನು ಬೋರಲು ಇಡಬಾರದು. ಕಾವಲಿಯ ಮೇಲಿನ ದೋಸೆಯನ್ನು ತಿರುವಿ ಹಾಕಬಹುದು, ಆದರೆ "ಮಗುಚು" ಅನ್ನಬಾರದು. ದೋಸೆಗೂ ದೋಣಿಗೂ ಒಂದೇ ಮಾತು ಇಟ್ಟವರು ಯಾರೋ, ಪೆಟ್ಟು ತಿಂದವರು ನಾವು. "ಆಚೆ ಮೈ ಮಾಡು" ಅನ್ನಬೇಕಿತ್ತು. ಒಮ್ಮೆ ತಂಗಿ ಮರೆತು "ದೋಸೆ ಮಗುಚ್ಲೇನೆ?" ಅಂದದ್ದಕ್ಕೆ ಅವ್ವಿ ಸಟ್ಟುಗದಿಂದ ಅವಳಿಗೊಂದು ಬಾರಿಸಿದಳು. ಕೇಳಿಸಿಕೊಂಡದ್ದಕ್ಕೆ ನನಗೊಂದು.

ಹತ್ತೊಂಬತ್ತು ವರ್ಷ ನಾನು ಪೇಟೆಯಿಂದ ತಂದ ಈಳಿಗೆಯಲ್ಲಿ ಮೀನು ಕೊಯ್ದೆ. ಅದು ಕೊಯ್ಯುತ್ತಿರಲಿಲ್ಲ, ಮೀನಿನ ಹತ್ತಿರ ಬೇಡಿಕೊಳ್ಳುತ್ತಿತ್ತು. ಆಮೇಲೆ ಒಂದು ದಿನ ತಂಗಿಯ ಮಗಳು ಫೋನು ಮಾಡಿದಳು. ನಲವತ್ತು ದಾಟಿದ ಹುಡುಗಿ, ಬ್ಯಾಂಕಿನಲ್ಲಿ ಕೆಲಸ. ನಮ್ಮಿಬ್ಬರ ನಡುವೆ ದಾಟಲು ಇದ್ದ ಒಂದೇ ಸಂಕ ಅವಳು.

"ಮಾವ್ಶಿ, ಆಯಿದು ಮೊಣಕಾಲು ಹೋಗ್ಯದೆ. ಕೆಳಗೆ ಕೂತ್ಕಣುಕೆ ಆಗುದಿಲ್ಲ. ಈಳಿಗೆ ನಿಂಗೇ ಕೊಡ್ತದಂತೆ."

"ಮತ್ತೆಂತ ರಗಳೆ? ಸುಮ್ನೆ ಕೊಡುವ ಜಾತಿ ಅಲ್ಲ ಅದು."

"ಒಂದೇ ಒಂದು. ಅವತ್ತು ಆಯಿ ನಿನ್ನದು ಅಂದದ್ದೇ ಹೌದು, ನನ್ನ ಕಿವಿದೇ ತಪ್ಪು ಅಂತ ನೀ ಬಾಯಿಬಿಟ್ಟು ಹೇಳ್ಬೇಕಂತೆ."

"ನಿನ್ನ ಆಯಿಗೆ ಹೇಳು, ನನ್ನ ಕಿವಿಗೆ ಇನ್ನೂ ಸೊಳ್ಳೆ ಕೂತದ್ದು ಕೇಳ್ತದೆ."

"ನೀನೇ ಬಂದು ಹೇಳು."

"ನಾ ಅದ್ರ ಹತ್ರ ಮಾತಾಡುದಿಲ್ಲ."

"ಗೊತ್ತದೆ ಮಾವ್ಶಿ. ಟಿಕೆಟ್ ತೆಗ್ದಾಗ್ಯದೆ."

ಹೋದೆ. ತಂಗಿಯನ್ನು ನೋಡಲು ಅಲ್ಲ, ಈಳಿಗೆ ತರಲು. ಮೊದಲು ಮಾತಾಡುವುದಿಲ್ಲ, ಕಿವಿ ತಪ್ಪು ಅನ್ನುವುದಿಲ್ಲ, ಈಳಿಗೆ ಬಿಡುವುದಿಲ್ಲ. ಈ ಮೂರನ್ನೂ ಸೆರಗಿನ ತುದಿಗೆ ಗಂಟು ಹಾಕಿಕೊಂಡೇ ಹೋದೆ. ಹೊರಡುವಾಗ ಮಗ ಹೇಳಿದ್ದ: "ದಿನಾ ಬೆಳಿಗ್ಗೆ ನಾ ದೋಣಿ ತಕಂಡು ಹೋಗ್ತೆ ಆಯಿ. ಸಂಜೆ ತನಕ ಫೋನು ಮಾಡ್ಬೇಡ." ಅವನದು ಸಣ್ಣ ದೋಣಿ, ಹಿಂದೆ ಒಂದು ಮಶೀನು ಕಟ್ಟಿದ್ದು.

ತಂಗಿಯ ಮನೆ ನಾಲ್ಕನೆಯ ಮಾಳಿಗೆಯಲ್ಲಿ, ಅವಳ ಮಗಳ ಮನೆ ಅದೇ ಕಟ್ಟಡದ ಎರಡನೆಯದರಲ್ಲಿ. ನಾನು ಎರಡನೆಯದರಲ್ಲೇ ಇಳಿದುಕೊಂಡೆ. ಮೇಲಿನ ಮೆಟ್ಟಿಲು ಹತ್ತಲಿಲ್ಲ. ತಂಗಿಯೂ ಕೆಳಗೆ ಇಳಿಯಲಿಲ್ಲ. ಅವಳಿಗೆ ಮೊಣಕಾಲಿನ ನೆಪ ಇತ್ತು, ನನಗೆ ನೆಪ ಬೇಕಾಗಿರಲಿಲ್ಲ.

ಮಾರನೆಯ ದಿನ ಹುಡುಗಿಗೆ ರಜೆ. "ಇವತ್ತು ಮಧ್ಯಾಹ್ನ ಮೂವರೂ ಹೊರಗೆ ಊಟ. ಚೀನಾದವ್ರ ಹೋಟ್ಲು" ಅಂದಳು.

"ಎಂತಕ್ಕೆ ಚೀನಾದವ್ರದು?"

"ನಮ್ಮನೆಲಿ ಮಾಡಿದ್ರೆ ಆಯಿ ಉಪ್ಪು ಹೆಚ್ಚು ಅಂತದೆ. ಆಯಿ ಮನೆಲಿ ಮಾಡಿದ್ರೆ ನೀ ಹುಳಿ ಕಮ್ಮಿ ಅಂತಿ. ನಮ್ಮೂರವ್ರ ಹೋಟ್ಲಿಗೆ ಹೋದ್ರೆ ಇಬ್ರೂ ಸೇರಿ ಅಡುಗೆಯವ್ನ ಜೀವ ತೆಗಿತ್ರಿ. ಇಬ್ರಿಗೂ ಗೊತ್ತಿಲ್ದೇ ಇದ್ದದ್ದು ಅಂದ್ರೆ ಅದೊಂದೇ."

"ನಂಗೆ ಗೊತ್ತದೆ ಚೀನಾ ಊಟ" ಅಂದೆ. ಕಾರವಾರದ ಕಡಲ ಬದಿಯಲ್ಲಿ ಗಾಡಿಯವ ಮಾಡುತ್ತಾನೆ. ಗೋಬಿ ಕೆಂಪು, ಅನ್ನ ಕೆಂಪು, ಕೋಳಿ ಕೆಂಪು, ತಿಂದವನ ಬೆರಳು ಮೂರು ದಿನ ಕೆಂಪು. ಮೊಮ್ಮಕ್ಕಳು ಮಾಡಿದ ಕಳ್ಳತನವನ್ನು ನಾನು ಬೆರಳು ನೋಡಿಯೇ ಹಿಡಿಯುತ್ತೇನೆ.

"ಅದಲ್ಲ ಮಾವ್ಶಿ. ಇದು ಅಸಲಿ."

ಹಳೆಯ ಬಂದರಿನ ಹತ್ತಿರದ ಒಂದು ಓಣಿ. ಕಬ್ಬಿಣದ ಅಂಗಡಿಗಳು, ಹಗ್ಗದ ಅಂಗಡಿಗಳು, ಅವುಗಳ ನಡುವೆ ಒಂದು ಹಸಿರು ಬಾಗಿಲು. ಒಳಗೆ ಹೋಗುತ್ತಲೇ ಬಲಕ್ಕೆ ಗಾಜಿನ ದೊಡ್ಡ ತೊಟ್ಟಿ, ಅದರಲ್ಲಿ ನಾಲ್ಕೈದು ಮೀನು ಈಜುತ್ತಿದ್ದವು. ಕಾರವಾರದಲ್ಲಿ ನನ್ನ ಹಲ್ಲು ಕಿತ್ತ ಡಾಕ್ಟರ ಹತ್ತಿರವೂ ಇಂಥದ್ದೊಂದಿದೆ, ಕೂತವರಿಗೆ ನೋವು ಮರೆಯಲಿ ಅಂತ. ಇಲ್ಲೂ ಊಟ ಮರೆಯಲಿ ಅಂತ ಇಟ್ಟಿರಬೇಕು ಅಂದುಕೊಂಡು ಮುಂದೆ ಹೋದೆ.

ಎಡಕ್ಕೆ ಒಂದು ಮೇಜಿನ ಹಿಂದೆ ಒಡತಿ ಕೂತಿದ್ದಳು. ನನ್ನಷ್ಟೇ ವಯಸ್ಸು, ನನ್ನ ಅರ್ಧದಷ್ಟು ಗಾತ್ರ, ಆ ಸೆಕೆಯಲ್ಲೂ ಉಣ್ಣೆಯ ಅಂಗಿ. ಅವಳ ಅಜ್ಜ ಹಡಗಿನಲ್ಲಿ ಬಂದು ಇಲ್ಲೇ ಬಡಗಿ ಕೆಲಸಕ್ಕೆ ನಿಂತವನಂತೆ. ಅವಳು ಹುಟ್ಟಿದ್ದು ಅದೇ ಓಣಿಯಲ್ಲಿ. ಮರಾಠಿಯಲ್ಲಿ "ಯಾ, ಬಸಾ", ಬನ್ನಿ, ಕೂತುಕೊಳ್ಳಿ, ಅಂದಳು. ನನ್ನ ಮರಾಠಿಗಿಂತ ಚೊಕ್ಕ ಇತ್ತು.

ತಂಗಿ ಮೊದಲೇ ಬಂದು ಕೂತಿದ್ದಳು. ದಪ್ಪಗಾಗಿದ್ದಳು. ಕೂದಲಿಗೆ ಬಣ್ಣ ಹಚ್ಚಿದ್ದಳು, ಬುಡದಲ್ಲಿ ಬಿಳಿ ಕಾಣುತ್ತಿತ್ತು. ಅವಳು ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ, ಆಮೇಲೆ ಇಬ್ಬರೂ ಗೋಡೆಯ ಮೇಲಿದ್ದ ಚೀನಾದ ಮುದುಕನ ಪಟ ನೋಡಿದೆವು.

ಮೇಜು ದುಂಡಗಿತ್ತು. ಅದರ ಮೇಲೆ ಇನ್ನೊಂದು ಗಾಜಿನ ಮೇಜು, ಮುಟ್ಟಿದರೆ ಬೀಸುಕಲ್ಲಿನ ಹಾಗೆ ತಿರುಗುತ್ತಿತ್ತು. ತಟ್ಟೆಗಳನ್ನೆಲ್ಲ ಅದರ ಮೇಲಿಡುತ್ತಾರೆ, ಬೇಕಾದವರು ತಿರುಗಿಸಿಕೊಂಡು ಬಡಿಸಿಕೊಳ್ಳಬೇಕು. ಮಾತು ಬಿಟ್ಟವರಿಗೆ ಹೇಳಿ ಮಾಡಿಸಿದ ಮೇಜು. "ಅದು ಇತ್ತ ಕೊಡು" ಅನ್ನುವ ಹಂಗೇ ಇಲ್ಲ.

ಮೊದಲು ಚಾ ಬಂತು. ಕಿವಿಯಿಲ್ಲದ ಬಟ್ಟಲು. ಹಾಲಿಲ್ಲ, ಸಕ್ಕರೆ ಇಲ್ಲ, ಹೂವಿನ ವಾಸನೆ. "ಕಷಾಯ ಕುಡಿಯುಕೆ ಯಾರು ಬಾಣಂತಿ ಇಲ್ಲಿ?" ಅಂತ ಹುಡುಗಿಯನ್ನು ಕೇಳಿದೆ.

ತಂಗಿ ಮಗಳ ಕಡೆ ತಿರುಗಿ, ನಮ್ಮ ಕಡೆ ಹೆಂಗಸರಿಗೂ ಅನ್ನುವ "ಅದು" ನನಗೆ ಹಚ್ಚಿ, ಹೇಳಿದಳು: "ಅದಕ್ಕೆ ಹೇಳು, ದೊಡ್ಡವರು ಕುಡಿಯುದೇ ಹೀಗೆ ಅಂತ."

"ಅದಕ್ಕೆ ಹೇಳು, ಹಾಗಾದ್ರೆ ಮೊಕ ಯಾಕೆ ಹಾಗೆ ಮಾಡ್ಕಂಡು ಕುಡೀತದೆ ಅಂತ."

ಹುಡುಗಿ ಯಾರಿಗೂ ಏನೂ ಹೇಳದೆ ಚಾ ಕುಡಿದಳು.

ಆಮೇಲೆ ಬಿದಿರಿನ ಬುಟ್ಟಿಯಲ್ಲಿ ಹಬೆಯಾಡುತ್ತಾ ಬಂದದ್ದು ಕಂಡು ನಾನು ಕೈ ಮುಗಿಯುವುದೊಂದು ಬಾಕಿ. ಮೋದಕ! ಚವತಿಗೆ ನಾವು ಮಾಡುವಂಥದ್ದೇ, ಸುತ್ತ ನೆರಿಗೆ, ಮೇಲೆ ಚೊಟ್ಟು. ಬಾಯಿಗೆ ಹಾಕಿದರೆ ಒಳಗೆ ಬೆಲ್ಲವೂ ಇಲ್ಲ, ಕಾಯಿಯೂ ಇಲ್ಲ. ಶೆಟ್ಲಿ! ಶೆಟ್ಲಿ ಅಂದರೆ ಸೀಗಡಿ, ಕಡಲ ಸೀಗಡಿಯನ್ನು ಅರೆದು ಹೂರಣ ಮಾಡಿದ್ದರು. ನಾನು ಬಾಯಿ ಮುಚ್ಚಿಕೊಂಡು ಗಣಪತಿಯ ಹತ್ತಿರ ತಪ್ಪಾಯ್ತು ಅಂತ ಹೇಳಿಕೊಂಡೆ, ನುಂಗಿದೆ, ಇನ್ನೊಂದು ತೆಗೆದುಕೊಂಡೆ. ರುಚಿ ಇತ್ತು, ಸುಳ್ಳು ಯಾಕೆ ಹೇಳಲಿ. ನಾಲ್ಕು ತಿಂದೆ. ನಾಲ್ಕು ಸಲವೂ ತಪ್ಪಾಯ್ತು ಅಂದೆ.

ನಾನು ಕೈಯಲ್ಲೇ ತಿಂದೆ. ತಂಗಿ ಮಾತ್ರ ಎರಡು ಕಡ್ಡಿ ಹಿಡಿದುಕೊಂಡಳು, ಹುಟ್ಟಿದಾಗಿನಿಂದ ಕಡ್ಡಿಯಲ್ಲೇ ತಿಂದವಳ ಹಾಗೆ. ಒಂದು ಅಣಬೆಯನ್ನು ಹಿಡಿದು ಅರ್ಧ ದಾರಿ ತಂದಳು. ಅಣಬೆ ಕಡ್ಡಿಯಿಂದ ಚಿಮ್ಮಿ ಹೋಗಿ ಹುಡುಗಿಯ ಚಾದೊಳಗೆ ಬಿತ್ತು.

"ಅದಕ್ಕೆ ಹೇಳು," ಅಂದೆ, "ಅಂಗಳದಲ್ಲಿ ಮೀನು ಒಣಗ್ಸಿದಾಗ ಕಾಗೆ ಓಡ್ಸುಕೆ ಅಂತ ನಾವೂ ಕೋಲು ಹಿಡಿತ್ರು. ತಿನ್ನುಕೆ ಕೈ ಅದೆ."

ಹುಡುಗಿ ಅಣಬೆಯನ್ನು ಚಾದಿಂದ ತೆಗೆದು ತಿಂದಳು. ಅವಳಿಗೆ ಇಂಥದ್ದು ಅಭ್ಯಾಸ.

ಆಮೇಲೆ ಮೀನು ಬಂತು. ಚೊಣಕ. ನಮ್ಮ ಕಾಳಿ ಹೊಳೆಯ ಬಾಯಲ್ಲೂ ಸಿಗುತ್ತದೆ, ಸಿಕ್ಕಿದ ದಿನ ಪೇಟೆಯಲ್ಲಿ ಜಗಳವೇ. ಇಲ್ಲಿ ಇಡೀ ಮೀನನ್ನು ತಲೆ, ಬಾಲ, ರೆಕ್ಕೆ ಸಮೇತ ಹಬೆಯಲ್ಲಿ ಬೇಯಿಸಿ ಉದ್ದದ ತಟ್ಟೆಯಲ್ಲಿ ಮಲಗಿಸಿದ್ದರು. ಮೇಲೆ ಶುಂಠಿ, ಈರುಳ್ಳಿ ಸೊಪ್ಪು, ಕಪ್ಪು ನೀರು. ಅರಿಶಿನ ಇಲ್ಲ, ಮೆಣಸಿಲ್ಲ, ಕಾಯಿ ಇಲ್ಲ. ಸ್ನಾನ ಮಾಡಿಸಿ ತಂದ ಹಾಗೆ ಇತ್ತು. ಬಡಿಸುವವನು ತಲೆಯನ್ನು ನನ್ನ ಕಡೆಗೆ ಮುಖ ಮಾಡಿ ಇಟ್ಟ.

"ಕೇಳು ಅವ್ನ ಹತ್ರ," ಅಂದಳು ತಂಗಿ ಮಗಳಿಗೆ, "ತಲೆ ಯಾಕೆ ಆಚೆ ಹೋತು?"

ಮೇಜಿನಲ್ಲಿ ಹಿರಿಯರು ಯಾರೋ ಅವರ ಕಡೆಗೆ ಮೀನಿನ ತಲೆ ಇರಬೇಕಂತೆ, ಅದು ಅವರ ಪದ್ಧತಿಯಂತೆ. ಆ ಜನರ ಬಗ್ಗೆ ನನಗೆ ಒಮ್ಮೆಗೇ ಗೌರವ ಬಂತು.

ತಂಗಿ ಗಾಜಿನ ಮೇಜನ್ನು ತಿರುಗಿಸಿದಳು. ತಲೆ ಅವಳ ಕಡೆ ಹೋಯಿತು. ನಾನು ತಿರುಗಿಸಿದೆ. ತಲೆ ಬಂತು. ಅವಳು ಎಡಕ್ಕೆ, ನಾನು ಬಲಕ್ಕೆ. ಚಿಕ್ಕಂದಿನಲ್ಲಿ ಇಬ್ಬರೂ ಎದುರುಬದುರು ಕೂತು ಒಂದೇ ಗೂಟ ಹಿಡಿದು ರಾಗಿ ಬೀಸುತ್ತಿದ್ದೆವು. ಆಗಲೂ ಅವಳು ಎಳೆಯುವ ಹೊತ್ತಿಗೆ ನೂಕುತ್ತಿದ್ದಳು. ಮೀನು ನಮ್ಮ ನಡುವೆ ಮೂರು ಸುತ್ತು ಹೊಡೆಯಿತು. ಸೂಪಿನ ಬೋಗುಣಿಯೂ ಅದರ ಹಿಂದೆ ಓಡಿತು. ಕೊನೆಗೆ ಹುಡುಗಿ ಮೇಜನ್ನು ಎರಡು ಕೈಯಿಂದ ಹಿಡಿದು ನಿಲ್ಲಿಸಿದಳು. ತಲೆ ನನ್ನ ಎದುರಿಗೇ ನಿಂತಿತು.

ಇಡೀ ಮೀನು ಹಾಗೆ ಮಲಗಿ ನನ್ನನ್ನೇ ನೋಡಿದ್ದು ಅದೇ ಮೊದಲು. ನಾವು ತಲೆಯನ್ನು ಸೀಳಿ ಸಾರಿಗೆ ಹಾಕುವವರು. ಅದರ ಕಣ್ಣು ಬೆಳ್ಳಗಿತ್ತು. ಬೆಂದ ಮೀನಿನ ಕಣ್ಣು ಬೆಳ್ಳಗಾಗುತ್ತದೆ ಅಂತ ನನಗೆ ಗೊತ್ತಿಲ್ಲದೆ ಇಲ್ಲ. ಆದರೆ ಪೇಟೆಯಲ್ಲಿ ಬೆಳ್ಳಗಿನ ಕಣ್ಣು ಅಂದರೆ ಹಳೆಯ ಮೀನು, ನಲವತ್ತು ವರ್ಷದ ಅಭ್ಯಾಸ, ಕಂಡರೆ ಬಾಯಿ ತಾನಾಗಿ ಆಡುತ್ತದೆ. "ನಿನ್ನೆದು" ಅಂದೆ.

"ನನ್ನದಾ?" ಅಂದಳು ಪಕ್ಕದಲ್ಲೇ ಕೂತಿದ್ದ ಹುಡುಗಿ. "ನಂಗೆ ತಲೆ ಬೇಡ ಮಾವ್ಶಿ, ನೀನೇ ತಿನ್ನು."

ತಂಗಿ ಕಡ್ಡಿಗಳನ್ನು ಕೆಳಗಿಟ್ಟಳು. ಅವಳ ಮುಖದಲ್ಲಿ ಚವತಿ, ದೀಪಾವಳಿ ಎಲ್ಲ ಒಟ್ಟಿಗೆ ಬಂದಿತ್ತು.

"ಅದಕ್ಕೆ ಹೇಳು," ಅಂದಳು ಮೆಲ್ಲಗೆ, "ನಿನ್ನೆದು ಅಂದ್ರೆ ನಿನ್ನದು ಅಂತ ಕೇಳ್ಬಹುದು. ಒಂದು ಮೊಳ ದೂರದಲ್ಲಿ ಕೂತವ್ರಿಗೂ ಕೇಳ್ಬಹುದು. ಹಾಗಾದ್ರೆ ನಿನ್ನದು ಅಂದ್ರೆ ನಿನ್ನೆದು ಅಂತ್ಲೂ ಕೇಳ್ಬಹುದು."

ನನ್ನ ಹತ್ತೊಂಬತ್ತು ವರ್ಷ ಒಂದು ಬ್ಯಾಂಕಿನವಳ ಕಿವಿಯಿಂದಾಗಿ ಅಲ್ಲಾಡಿತು. ಈಗ ಬಿಟ್ಟರೆ ಈಳಿಗೆಯೂ ಹೋಯಿತು, ಮಾನವೂ ಹೋಯಿತು. ಹೇಳಿದೆ: "ಅದಕ್ಕೆ ಹೇಳು, ಈ ಮೀನು ನಿನ್ನೆದು. ಎತ್ವ ಹಾಕಿಯೇ ಹೇಳ್ತೆ. ನಿನ್ನೆದು ಹೌದಾದ್ರೆ ನಾ ಒಂದು ಮಾತೂ ಆಡ್ದೇ ಈಳಿಗೆ ತಕಂಡು ಹೋಗುದೆ."

"ಇವತ್ತಿಂದೇ ಆದ್ರೆ?" ಅಂದಳು ತಂಗಿ, ಮಗಳಿಗೆ.

"ಆದ್ರೆ ಅವತ್ತು ಅದು ನಿನ್ನದು ಅಂದದ್ದೇ ಹೌದು, ನನ್ನ ಕಿವಿ ತಪ್ಪು ಅಂತ ಹೇಳ್ತೆ."

"ಕಟ್ಟು ಪಂತ."

"ನಾ ಊಟ ಮಾಡ್ಲಾ?" ಅಂದಳು ಹುಡುಗಿ.

ಮೀನು ಹೊಸದೋ ಹಳೆಯದೋ ಅನ್ನುವುದು ಕಿವಿರು ಬಿಚ್ಚಿದರೆ ತಿಳಿಯುತ್ತದೆ. ಮೇಲಿನ ಬದಿಯ ಕಿವಿರಿನ ಮುಚ್ಚಳ ಎತ್ತಿ ನೋಡಿದೆ. ಖಾಲಿ. ಆಚೆ ಬದಿಯಲ್ಲಾದರೂ ಇರಬೇಕು. ಎದ್ದು ನಿಂತೆ, ಸೆರಗು ಸಿಕ್ಕಿಸಿದೆ, ಎರಡು ಕೈಯನ್ನೂ ಮೀನಿನ ಅಡಿಗೆ ಹಾಕಿದೆ. "ತಡಿ, ಮಗುಚಿ ನೋಡ್ತೆ" ಅಂದೆ. ಮಗುಚಿದೆ.

ಬಾಗಿಲ ಹತ್ತಿರ ಕುರ್ಚಿ ಬಿದ್ದ ಸದ್ದಾಯಿತು. ಆ ಒಡತಿ ಉಣ್ಣೆಯ ಅಂಗಿಯಲ್ಲಿ ಓಡಿ ಬರುತ್ತಿದ್ದಳು, ಎರಡೂ ಕೈ ಮೇಲೆ. "ನಕಾ ಉಲಟೂ! ಬಾಯಿ, ನಕಾ ಉಲಟೂ! ಹೋಡಿ ಉಲಟೇಲ್!"

ಬಾಯಿ ಅಂದರೆ ಅಮ್ಮ, ಹೋಡಿ ಅಂದರೆ ದೋಣಿ. ನಮ್ಮ ಕಡೆಯಲ್ಲೂ ಹಾಗೇ ಅನ್ನುತ್ತಾರೆ. ಮೀನು ಮಗುಚಬೇಡ, ದೋಣಿ ಮಗುಚುತ್ತದೆ ಅಂತ ಚೀನಾದವಳೊಬ್ಬಳು ಮರಾಠಿಯಲ್ಲಿ ಕೂಗುತ್ತಿದ್ದಳು, ಅವ್ವಿಯ ಸಟ್ಟುಗವೊಂದು ಅವಳ ಕೈಯಲ್ಲಿರಲಿಲ್ಲ ಅಷ್ಟೇ. ನನ್ನ ಮಗ ಕಡಲಲ್ಲಿದ್ದ. ನಾನು ಮಗುಚಿದ್ದೂ ಅಲ್ಲದೆ ಮಗುಚು ಅಂತ ಬಾಯಲ್ಲೂ ಅಂದಿದ್ದೆ.

"ಅಕ್ಕಾ!" ಅಂತ ಕಿರುಚಿದಳು ತಂಗಿ. "ಎಂತ ಮಾಡ್ದ್ಯೆ! ಹುಡ್ಗ ಕಡಲಲ್ಲಿ ಇದ್ನಲ್ಲೆ! ಆ ಮಾತು ಬೇರೆ ಅಂದ್ಯಲ್ಲೆ!"

ಆ ಗಾಬರಿಯ ನಡುವೆಯೂ ಒಂದು ಗಮನಿಸಿದೆ: ಮೊದಲು ಮಾತಾಡಿದವಳು ಅವಳು.

"ತಿರುಗಿ ಹಾಕೆ, ಬೇಗ!" ಅಂದಳು. ನಾನು ತಲೆ ಹಿಡಿದೆ, ಅವಳು ಬಾಲ ಹಿಡಿದಳು.

"ಬೇಡ ಬೇಡ!" ಅಂದಳು ಒಡತಿ. "ಇನ್ನೊಂದು ಸಲ ಮಗುಚಿದರೆ ಎರಡು ಸಲ ಮುಳುಗಿದ ಹಾಗೆ!"

ನಾವು ಮೀನನ್ನು ಅಂತರದಲ್ಲೇ ಹಿಡಿದು ನಿಂತೆವು. ಕಪ್ಪು ನೀರು ತೊಟ್ಟಿಕ್ಕುತ್ತಿತ್ತು. ಆಚೆ ಮೇಜಿನಲ್ಲಿ ಊಟ ಮಾಡುತ್ತಿದ್ದ ಸಂಸಾರವೊಂದು ಊಟ ನಿಲ್ಲಿಸಿ ನಮ್ಮನ್ನೇ ನೋಡುತ್ತಿತ್ತು. ಮೆತ್ತಗೆ ಬೆಂದ ಮೀನು, ಎಷ್ಟು ಹೊತ್ತು ತಡೆದೀತು? ನಡುವೆ ಕಡಿಯಿತು. ತಲೆ ನನ್ನ ಕೈಯಲ್ಲಿ, ಬಾಲ ತಂಗಿಯ ಕೈಯಲ್ಲಿ, ಹೊಟ್ಟೆ ತಟ್ಟೆಯಲ್ಲಿ.

"ಇದಕ್ಕೆ ಎಂತ ಅಂತಾರೆ ನಿಮ್ಮಲ್ಲಿ?" ಅಂತ ಕೇಳಿದೆ ಒಡತಿಯನ್ನು, ನನ್ನ ಮರಾಠಿಯಲ್ಲಿ.

ಅವಳು ಬಹಳ ಹೊತ್ತು ಯೋಚಿಸಿದಳು. "ಇದು ಯಾರೂ ಮಾಡಿಲ್ಲ" ಅಂದಳು.

ಅವಳ ಅಜ್ಜಿಯ ಊರಿನವರೂ ದೋಣಿಯವರೇ ಅಂತೆ. ಮೇಲಿನ ಬದಿ ತಿಂದಾದ ಮೇಲೆ ಮುಳ್ಳನ್ನು ಮೆಲ್ಲಗೆ ಎತ್ತಿ ತೆಗೆದು ಕೆಳಗಿನದನ್ನು ತಿನ್ನಬೇಕು, ಮೀನನ್ನು ಮಾತ್ರ ತಿರುವಬಾರದು. ಕಡಲು ಬಿಟ್ಟು ಮೂರು ತಲೆಮಾರು ಆಯಿತು, ಮನೆಯಲ್ಲಿ ಒಂದು ಹುಟ್ಟೂ ಇಲ್ಲ, ಆದರೂ ಯಾರಾದರೂ ಮೀನಿಗೆ ಕೈ ಹಾಕಿದರೆ ಅವಳಿಗೆ ಕೂರಲಿಕ್ಕೆ ಆಗುವುದಿಲ್ಲವಂತೆ.

ಹುಡುಗಿ ಅಷ್ಟು ಹೊತ್ತಿಗೆ ನನ್ನ ಫೋನಿನಿಂದಲೇ ನನ್ನ ಮಗನಿಗೆ ಹಚ್ಚಿ ಮೇಜಿನ ಮೇಲೆ ಇಟ್ಟಿದ್ದಳು, ಎಲ್ಲರಿಗೂ ಕೇಳುವ ಹಾಗೆ. ಒಂದು ಸಲ, ಎರಡು ಸಲ, ಮೂರು ಸಲ ರಿಂಗಾಯಿತು. ತಂಗಿ ಬಾಲ ಹಿಡಿದೇ ಇದ್ದಳು.

"ಎಂತ ಆಯಿ?" ಅಂದ ಮಗ. ದನಿಯಲ್ಲಿ ನಿದ್ದೆ ಇತ್ತು.

"ಎಲ್ಲಿದ್ದಿಯೋ?"

"ಮನೆಲೇ. ಹೋಗ್ಲೇ ಇಲ್ಲ. ಮಶೀನು ಬಿಗ್ದದೆ."

"ದೋಣಿ?"

"ದಡದ ಮೇಲದೆ. ಸುಮ್ನೇ ಕೂರುದೆಂತಕ್ಕೆ, ಅಡಿಗೆ ಡಾಂಬರು ಬಳಿವಾ ಅಂದೇಳಿ ಮಗುಚಿ ಹಾಕಿದ್ದೆ."

ಹುಡುಗಿ ಅದನ್ನು ಒಡತಿಗೆ ಮರಾಠಿಯಲ್ಲಿ ಹೇಳಿದಳು. ಒಡತಿ ಅಂಗಿಯ ಗುಂಡಿ ಸರಿಮಾಡಿಕೊಂಡು ತಲೆಯಾಡಿಸಿದಳು. "ನಾನು ಹೇಳಲಿಲ್ಲವಾ?" ಅಂದಳು.

ಮೊದಲು ನಕ್ಕವಳು ತಂಗಿ. ಅವಳದು ಚಿಕ್ಕಂದಿನಿಂದಲೂ ನಗುವಲ್ಲ, ಬಿಕ್ಕಳಿಕೆ. ಹೊಟ್ಟೆ ಕುಣಿಯುತ್ತದೆ, ಸದ್ದು ಬರುವುದಿಲ್ಲ, ನೋಡಿದವರು ನೀರು ತರಲು ಓಡುತ್ತಾರೆ. ಬಡಿಸುವವನು ನೀರು ತಂದ. ನಾನು ನಗಲಿಲ್ಲ. ಪಂತ ಇನ್ನೂ ಬಾಕಿ ಇತ್ತು.

"ಅದೆಲ್ಲ ಇರ್ಲಿ. ಕಿವಿರು ಎಲ್ಲಿ?" ಅಂತ ಒಡತಿಯನ್ನು ಕೇಳಿದೆ. "ಹಳೇ ಮೀನು ಅಂತ ಗೊತ್ತಾಗ್ಬಾರ್ದು ಅಂದೇಳಿ ತೆಗ್ದಿದ್ರಾ?"

ಆ ಮಾತು ಅವಳಿಗೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ನನಗೆ ಗೊತ್ತಲ್ಲ, ಎಲ್ಲಿ ತಾಗುತ್ತದೆ ಅಂತ. ಅವಳು ನನ್ನ ಮುಂಗೈ ಹಿಡಿದಳು. ಗಾತ್ರ ಸಣ್ಣದು, ಹಿಡಿತ ಏಡಿಯದು. ಎಳೆದುಕೊಂಡು ಹೋಗಿ ಬಾಗಿಲ ಬದಿಯ ಗಾಜಿನ ತೊಟ್ಟಿಯ ಎದುರು ನಿಲ್ಲಿಸಿದಳು. "ನೀವು ಒಳಗೆ ಬಂದಾಗ ಇಲ್ಲಿ ಐದು ಇದ್ದವು. ಈಗ ಎಣಿಸಿ" ಅಂದಳು.

ನಾಲ್ಕಿದ್ದವು. ಬೆನ್ನು ಉಬ್ಬಿದ, ಬಾಯಿ ದೊಡ್ಡದಾದ ನಾಲ್ಕು ಚೊಣಕ, ರೆಕ್ಕೆ ಆಡಿಸುತ್ತಾ ನನ್ನ ಕಡೆ ನೋಡುತ್ತಿದ್ದವು. ನಲವತ್ತು ವರ್ಷ ಮೀನು ಮಾರಿದವಳು ನಾನು. ಆದರೆ ಚೊಣಕ ನನ್ನ ಬುಟ್ಟಿಗೆ ಬರುವ ಹೊತ್ತಿಗೆ ಈಜುವುದನ್ನು ಮುಗಿಸಿರುತ್ತದೆ. ಅದು ಈಜುವಾಗ ಹೀಗಿರುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ನಾನು ಮೇಜಿನ ಮುಂದೆ ಕೂತು ಚಾಕ್ಕೆ ಹೆಸರಿಡುತ್ತಿದ್ದಾಗ ಆ ಐದನೆಯದಕ್ಕೆ ಜೀವ ಇತ್ತು. ಅದನ್ನು ನಾನು ನಿನ್ನೆದು ಅಂದಿದ್ದೆ.

"ತಪ್ಪಾಯ್ತು ಬಾಯಿ" ಅಂದೆ ಒಡತಿಗೆ. ಆ ದಿನ ಅದು ಐದನೆಯ ತಪ್ಪಾಯ್ತು.

ವಾಪಸು ಬಂದು ಕೂತೆ. ತಂಗಿ ನನ್ನನ್ನೇ ನೋಡುತ್ತಿದ್ದಳು, ಕೈಯಲ್ಲಿ ಬಾಲ ಹಾಗೇ ಇತ್ತು. ಅವಳು ಕೇಳಲಿ ಅಂತ ಕಾದೆ. ಕೇಳಲಿಲ್ಲ. ಬಾಲ ತಿಂದಳು. ನಾನು ತಲೆ ತಿಂದೆ. ಹುಡುಗಿಗೆ ಹೊಟ್ಟೆಭಾಗ ಪೂರಾ ಸಿಕ್ಕಿತು, ಅವಳಷ್ಟು ಸುಖವಾಗಿ ಆ ದಿನ ಯಾರೂ ಉಣ್ಣಲಿಲ್ಲ. ಖಾರವಿಲ್ಲ, ಹುಳಿಯಿಲ್ಲ, ಆದರೂ ಹೊಸ ಮೀನು ಹೊಸ ಮೀನೇ. ಕೆನ್ನೆಯ ಒಳಗಿನ ಉಂಡೆ ಮಾಂಸ ಬೆಣ್ಣೆಯ ಹಾಗೆ ಬಿಟ್ಟುಕೊಂಡು ಬಂತು. ಹೊರಡುವಾಗ ಒಡತಿ ನನ್ನ ಕೈಯಲ್ಲಿ ಒಂದು ಕಾಗದದ ಪೊಟ್ಟಣ ಇಟ್ಟಳು. ಶೆಟ್ಲಿ ಮೋದಕ, ನಾಲ್ಕು.

ಮನೆಗೆ ಬಂದ ಮೇಲೂ ತಂಗಿ ಏನೂ ಕೇಳಲಿಲ್ಲ. ಕೋಲೂರಿಕೊಂಡು ನಾಲ್ಕನೆಯ ಮಾಳಿಗೆಗೆ ಹೋದಳು, ನಾನು ಎರಡನೆಯದರಲ್ಲಿ ಉಳಿದೆ. ಕೇಳಿದ್ದರೆ ಜಗಳ ಮಾಡಿಯಾದರೂ ಹೇಳಿ ಮುಗಿಸುತ್ತಿದ್ದೆ. ಕೇಳದೆ ಇರುವವರ ಹತ್ತಿರ ಹೇಳುವುದು ಕಷ್ಟ.

ಮಾರನೆಯ ಬೆಳಿಗ್ಗೆ ಎದ್ದು ಮುಖ ತೊಳೆದು ಮೆಟ್ಟಿಲು ಹತ್ತಿದೆ. ಪಂತ ಸೋತವಳು ಹೇಳಬೇಕಾದದ್ದು ಹೇಳಬೇಕು. ತಂಗಿ ಅಡುಗೆಮನೆಯಲ್ಲಿದ್ದಳು, ಮೀನಿನವಳು ಬಾಗಿಲಿಗೇ ತಂದುಕೊಟ್ಟ ಬಂಗಡೆ ಎದುರಿಗಿತ್ತು. ಈಳಿಗೆಯೂ ಎದುರಿಗಿತ್ತು. ಅವ್ವಿಯದೇ. ಅಲಗು ತೇದು ತೇದು ಅರ್ಧವಾಗಿತ್ತು, ಹೊಳೆಯುತ್ತಿತ್ತು. ಮಣೆ ಇರಲಿಲ್ಲ. ಅವಳು ನಿಂತೇ ಕೊಯ್ಯಲು ಆಗಲಿ ಅಂತ ಗಾರೆಯವನನ್ನು ಕರೆಸಿ ಅಲಗನ್ನು ಕಟ್ಟೆಯ ಕಲ್ಲಿಗೆ ಸಿಮೆಂಟು ಹಾಕಿ ಕೂರಿಸಿಬಿಟ್ಟಿದ್ದಳು.

"ಇದನ್ನು ಪಂತಕ್ಕೆ ಇಟ್ಟಿದ್ಯೇನೆ?" ಅಂದೆ. "ಕಟ್ಟೆ ಸಮೇತ ತಕಂಡು ಹೋಗ್ಬೇಕಿತ್ತಾ ನಾನು?"

"ಅದ್ಕೇ ಧೈರ್ಯವಾಗಿ ಕಟ್ದೆ" ಅಂದಳು. ಅವಳ ಮಗಳಿಗೂ ಇದು ಗೊತ್ತಿತ್ತು. ಟಿಕೆಟ್ಟು ತೆಗೆಸಿದ ಕಳ್ಳಿ.

ಅವಳು ಬಂಗಡೆ ಹಿಡಿದ ರೀತಿ ನೋಡಲಾಗಲಿಲ್ಲ. ಭುಜದಿಂದ ಅವಳನ್ನು ಆಚೆ ಸರಿಸಿ ನಾನೇ ನಿಂತೆ. ಮೊದಲನೆಯದರ ತಲೆ ತೆಗೆದೆ, ಹೊಟ್ಟೆ ಸೀಳಿದೆ. ಅಲಗು ಹಾಗೇ ಇತ್ತು, ಕೇಳುವ ಮೊದಲೇ ಕೊಯ್ಯುತ್ತಿತ್ತು. ಅವಳ ಕಡೆ ನೋಡದೆ ಹೇಳಿದೆ: "ಅವತ್ತು ನೀ ನಿನ್ನದು ಅಂದದ್ದೇ ಹೌದು. ನನ್ನ ಕಿವಿ ತಪ್ಪು."

ತಂಗಿ ನಾನು ಕೊಯ್ದ ಬಂಗಡೆಯನ್ನು ತೆಗೆದುಕೊಂಡು ತೊಳೆದಳು. ಆಮೇಲೆ, "ಇಲ್ಲ ಅಕ್ಕ," ಅಂದಳು. "ನಿನ್ನೆದು ಅಂದೇ ಅಂದಿದ್ದೆ."

ಎರಡನೆಯ ಬಂಗಡೆ ತೆಗೆದುಕೊಂಡೆ. "ಬುಟ್ಟಿ ಅಡಿಲಿ ನಾಲ್ಕಿತ್ತು ನಿನ್ನೆದು" ಅಂದೆ. "ನಾಲ್ಕೇ."

"ಐದು" ಅಂದಳು ತಂಗಿ. "ನಾ ಬಗ್ಗಿ ನೋಡಿದ್ದೆ."

"ನಾಲ್ಕು."

"ಐದು."

ಹನ್ನೊಂದು ಬಂಗಡೆ ಇದ್ದವು. ಹನ್ನೊಂದನ್ನೂ ನಾನೇ ಕೊಯ್ದೆ. ಅವಳು ಕಾವಲಿ ಇಟ್ಟು ಹುರಿಯಲು ನಿಂತಳು, ನಾನು ಹಿಂದಿನಿಂದ, ಮಸಾಲೆ ಸೀದು ಹೋಗುವ ಮೊದಲು ಆಚೆ ಮೈ ಮಾಡು ಅಂದೆ.